ಸರದಿ ತಪ್ಪಿಸಿ ಊಟಿಗೆ

ನಾನು ಓದು ಬಿಟ್ಟದ್ದು 1997ರಲ್ಲಿ, ಒಂಬತ್ತನೇ ಕ್ಲಾಸಿನ ಅರ್ಧದಲ್ಲಿ. ಮೇಷ್ಟ್ರು ಹುಣಸೆ ಬರಲಿನಿಂದ ಬೆನ್ನಿಗೆ ಬಾರಿಸುತ್ತಿದ್ದರು. ನಾಲ್ಕನೇ ಏಟಿಗೆ ಬರಲು ಕಿತ್ತುಕೊಂಡು, ಮುರಿದು, ಅವರ ಮೇಜಿನ ಮೇಲಿಟ್ಟು ಮನೆಗೆ ಬಂದೆ. ಅದಕ್ಕೆ ಅಪ್ಪ ಬೇರೆ ಬಾರಿಸಿದ. ಮಾರನೆಯ ದಿನವೇ ಪೂರಿಗಾಲಿ ಹತ್ತಿರದ ಆಲೆಮನೆಯಲ್ಲಿ ಒಲೆಗೆ ಕಬ್ಬಿನ ಸಿಪ್ಪೆ ತುಂಬುವ ಕೆಲಸಕ್ಕೆ ನಿಂತೆ. ಆಮೇಲೆ ಲಾರಿ ಕ್ಲೀನರ್, ಆಮೇಲೆ ಡ್ರೈವರ್. ಮೂವತ್ತೆರಡನೇ ವಯಸ್ಸಿಗೆ ಸ್ವಂತ ಟೆಂಪೊ ಟ್ರಾವೆಲರ್ ತಂದು ಮಂಡ್ಯದ ಸ್ಟ್ಯಾಂಡಿನಲ್ಲಿ ನಿಲ್ಲಿಸಿದೆ. ಯಾರ ಕೈಕಾಲೂ ಹಿಡಿದವನಲ್ಲ. ಅದನ್ನು ಎಲ್ಲರಿಗೂ ಹೇಳುತ್ತಿದ್ದೆ, ಕೇಳದವರಿಗೂ ಹೇಳುತ್ತಿದ್ದೆ.

ನಮ್ಮ ಸ್ಟ್ಯಾಂಡಿನಲ್ಲಿ ಬರೆದಿಡದ ಒಂದು ಕಟ್ಟುಪಾಡು ಇತ್ತು. ಸ್ಟ್ಯಾಂಡಿಗೆ ನಡೆದು ಬಂದ ಗಿರಾಕಿ ಸಾಲಿನಲ್ಲಿ ಮೊದಲು ನಿಂತ ಗಾಡಿಗೆ. ಫೋನಿನಲ್ಲಿ ಕರೆದವರು ಅವರವರ ಗಿರಾಕಿ, ಆದರೆ ಅಂಥವರನ್ನು ಮನೆ ಬಾಗಿಲಿಗೆ ಹೋಗಿಯೇ ಹತ್ತಿಸಿಕೊಳ್ಳಬೇಕು. ಸ್ಟ್ಯಾಂಡಿನೊಳಗೆ ಹತ್ತಿಸಿಕೊಂಡರೆ ಸರದಿ ಕದ್ದ ಹಾಗೆ.

ಆ ಶುಕ್ರವಾರ ಫೋನ್ ಮಾಡಿದವನು ತಾಂಜಾನಿಯಾದಿಂದ ಬಂದು ಮಂಡ್ಯದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ವಿದ್ಯಾರ್ಥಿ. ಹಿಂದೆ ಎರಡು ಸಲ ಅವನನ್ನು ಮೈಸೂರಿಗೆ ಕರೆದೊಯ್ದಿದ್ದೆ. ಗೆಳೆಯರು ಮೂವರು ಇದ್ದಾರೆ, ಶನಿವಾರ ಭಾನುವಾರ ಊಟಿ ನೋಡಬೇಕು ಎಂದ. ಅವನ ಊರು ದೊಡ್ಡದೊಂದು ಬೆಟ್ಟದ ಬುಡದಲ್ಲಂತೆ. ನಾಲ್ಕು ವರ್ಷದಿಂದ ಇಲ್ಲಿ ಬರೀ ಕಬ್ಬಿನ ಗದ್ದೆ ನೋಡಿ ನೋಡಿ ಚಳಿ ಹೇಗಿರುತ್ತದೆಂಬುದೇ ಮರೆತುಹೋಗಿದೆ ಎಂದು ನಕ್ಕ.

ಶನಿವಾರ ಬೆಳಿಗ್ಗೆ ಅವರಿದ್ದ ಬೀದಿಯನ್ನು ಒಳಚರಂಡಿಗೆಂದು ಅಗೆದು ಹಾಕಿದ್ದರು. ನಾಲ್ವರೂ ಬ್ಯಾಗು ಹೊತ್ತು ನೇರ ಸ್ಟ್ಯಾಂಡಿಗೇ ಬಂದರು. ಗಾಡಿಯನ್ನು ಮೇನ್ ರೋಡಿಗೆ ತೆಗೆದು ಅಲ್ಲಿ ಹತ್ತಿಸಿಕೊಂಡಿದ್ದರೆ ಎಲ್ಲ ಮುಗಿಯುತ್ತಿತ್ತು. ಕರೆದಿರುವುದು ನನ್ನನ್ನು, ಇವರಿಗೆ ನಾನೇಕೆ ಹೆದರಬೇಕು ಎಂದು ಅಲ್ಲೇ ಬಾಗಿಲು ತೆಗೆದೆ.

ಅವತ್ತು ಸಾಲಿನ ಮುಂದಿದ್ದವನು ಕೆರಗೋಡಿನ ಡ್ರೈವರ್, ನನಗಿಂತ ಹತ್ತು ವರ್ಷ ಹಿರಿಯ. ಎರಡು ದಿನದಿಂದ ಬಾಡಿಗೆಯಿಲ್ಲದೆ ಕೂತಿದ್ದ. ಬಂದವನೇ ನನ್ನ ಕಿಟಕಿಯೊಳಗೆ ಕೈ ಹಾಕಿ ಸ್ಟೇರಿಂಗ್ ಹಿಡಿದ.

"ಸರ್ದಿ ಯಾರ್ದುಲಾ?"

"ಫೋನ್ ಮಾಡಿ ಕರ್ದವ್ರೆ. ಕೈ ತಗಿ."

"ತಗಿಯಾಕಿಲ್ಲ ಕಣ್ಲಾ. ಇಳ್ಸು ಅವ್ರ್ನ."

ನಾನು ಗೇರ್ ಹಾಕಿದೆ. ಗಾಡಿ ಅವನನ್ನು ನಾಲ್ಕೈದು ಮಾರು ಎಳೆದುಕೊಂಡು ಹೋಯಿತು. ಅವನ ಮುಂಗೈ ಕಿಟಕಿಯ ಅಂಚಿಗೆ ಸಿಕ್ಕಿ ಲಟಕ್ಕೆಂದದ್ದು ನನಗೆ ಕೇಳಿಸಿತು. ಕನ್ನಡಿಯಲ್ಲಿ ನೋಡಿದರೆ ಮಣ್ಣಿನಲ್ಲಿ ಮೊಣಕಾಲೂರಿ ಏಳುತ್ತಿದ್ದ. ಎದ್ದನಲ್ಲ, ಸಾಕು ಎಂದುಕೊಂಡು ಗಾಡಿ ಓಡಿಸಿದೆ.

ಬಂಡೀಪುರ ದಾಟುವವರೆಗೂ ಫೋನು ಬಡಿದುಕೊಳ್ಳುತ್ತಲೇ ಇತ್ತು. ಕೈ ಮೂಳೆ ಬಿಟ್ಟಿದೆ, ವಾಪಸ್ ಬಾ, ನಿನ್ನ ಹಲ್ಲು ಕೈಗೆ ಕೊಡುತ್ತೇವೆ ಎಂದರು ಸ್ಟ್ಯಾಂಡಿನವರು. ನಾನೂ ಅವರ ಅಮ್ಮ, ಅಕ್ಕ ಯಾರನ್ನೂ ಬಿಡದೆ ಬಯ್ದೆ.

ಊಟಿಯಲ್ಲಿ ಮಂಜು ಕವಿದಿತ್ತು. ಆ ವಿದ್ಯಾರ್ಥಿ ಸ್ವೆಟರ್ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡು ಇಳಿಜಾರು ರಸ್ತೆಯಲ್ಲಿ ಕೈಚಾಚಿ ನಿಂತಿದ್ದ. ಸೊಪ್ಪಿನ ಸಮೇತ ಕ್ಯಾರೆಟ್ ಕೊಂಡು ಹಸಿಯಾಗಿಯೇ ಕಡಿದ. ಸಂಜೆ ಟೀ ಕುಡಿಯುವಾಗ ಫೋನಿನ ಗಲಾಟೆ ಏನೆಂದು ಕೇಳಿದ. ನಾನು ಹೆಮ್ಮೆಯಿಂದಲೇ ಹೇಳಿದೆ. ಅವನ ಮುಖದ ನಗು ಹೋಯಿತು. ಅವನ ದೇಶದವನೇ ಒಬ್ಬ ಯಾರದೋ ಜಗಳದ ಪಕ್ಕ ಸುಮ್ಮನೆ ನಿಂತಿದ್ದನಂತೆ. ಸ್ಟೇಷನ್ನಿನಲ್ಲಿ ಹೆಸರು ಬರೆದುಕೊಂಡರಂತೆ. ಮುಂದಿನ ವರ್ಷ ವೀಸಾ ಸಿಗದೆ, ಡಿಗ್ರಿಯೂ ಇಲ್ಲದೆ ಊರಿಗೆ ಹೋದನಂತೆ.

"ಅಣ್ಣ, ನನಗೆ ಒಂದೇ ಸೆಮಿಸ್ಟರ್ ಬಾಕಿ," ಎಂದ. "ನನ್ನ ಹೆಸರು ಪೊಲೀಸ್ ಬರೀಬಾರದು. ನನ್ನನ್ನು ಸ್ಟ್ಯಾಂಡಿಂದ ದೂರ ಇಳಿಸು."

ಆಗಲಿ ಎಂದೆ.

ಭಾನುವಾರ ಗೆಳೆಯರು ಮೂವರೂ ಮೈಸೂರಿನಲ್ಲೇ ಇಳಿದುಕೊಂಡರು. ಅವನೊಬ್ಬ ಹಿಂದೆ ನಿದ್ದೆ ಹೋಗಿದ್ದ. ಮಂಡ್ಯ ಬಂತು. ಎಡಕ್ಕೆ ತಿರುಗಿದರೆ ಅವನ ರೂಮು, ನೇರ ಹೋದರೆ ಸ್ಟ್ಯಾಂಡು. ಕಳ್ಳನ ಹಾಗೆ ಹಿಂದಿನ ಬೀದಿಗೆ ನುಗ್ಗಲು ನನಗೆ ಮನಸ್ಸಾಗಲಿಲ್ಲ. ಕೊಟ್ಟ ಮಾತು ನೆನಪಿತ್ತು. ನೆನಪಿದ್ದೇ ನೇರ ಹೋದೆ.

ಕೆರಗೋಡಿನವನು ಕೈಗೆ ಪಟ್ಟಿ ಸುತ್ತಿಕೊಂಡು ಕೂತಿದ್ದ, ಜೊತೆಗೆ ಇನ್ನಿಬ್ಬರು. ನಾನು ಇಳಿದು ಬಾಗಿಲು ಹಾಕುವಷ್ಟರಲ್ಲಿ ವೀಲ್ ಸ್ಪ್ಯಾನರ್ ಬಾಯಿಗೆ ಬಿತ್ತು. ಉಗಿದರೆ ರಕ್ತದ ಜೊತೆ ಎರಡು ಹಲ್ಲು ಬಂದವು. ಸೀಟಿನಡಿಯ ಜಾಕ್ ರಾಡ್ ಎಳೆದು ಬೀಸಿದೆ. ಒಬ್ಬನ ಕಿವಿ ಹರಿಯಿತು. ಕೆರಗೋಡಿನವನನ್ನು ಕೆಡವಿ, ಪಟ್ಟಿ ಸುತ್ತಿದ ಕೈಯನ್ನೇ ಮಂಡಿಯಿಂದ ಅದುಮಿದೆ. ಅವನು ಅರಚಿದ. ರಾಡ್ ತಲೆಯ ಮೇಲೆತ್ತಿದೆ. ಎತ್ತಿದ್ದು ಹೆದರಿಸುವುದಕ್ಕಲ್ಲ.

ರಾಡನ್ನು ಹಿಂದಿನಿಂದ ಯಾರೋ ಹಿಡಿದರು. ನೋಡಿದರೆ ವಿದ್ಯಾರ್ಥಿ. ಅದೇ ಹೊತ್ತಿಗೆ ನನಗೆಂದು ಬೀಸಿದ ಸ್ಪ್ಯಾನರ್ ಅವನ ಹಣೆಗೆ ಬಿತ್ತು. ಕಣ್ಣಿಗೆ ರಕ್ತ ಇಳಿಯಿತು. ಅವನು ಮಾತ್ರ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ತುರುಕಿ ನಿಂತುಬಿಟ್ಟ. ಸುತ್ತ ಜನ ಮೊಬೈಲಿನಲ್ಲಿ ಹಿಡಿಯುತ್ತಿದ್ದರು. ತಾನು ಯಾರನ್ನೂ ಹೊಡೆಯಲಿಲ್ಲವೆಂದು ಅದರಲ್ಲಿ ಕಾಣಲಿ ಎಂದು ಹಾಗೆ ನಿಂತಿದ್ದ. ಸ್ಟೇಷನ್ನಿಗೆ ಫೋನ್ ಹೋಗಿದೆ ಎಂದು ಯಾರೋ ಕೂಗಿದರು. ಅವನು ನನ್ನ ಮುಖ ನೋಡಿದ.

ನಾನು ರಾಡ್ ಬಿಸಾಡಿ ಕೆರಗೋಡಿನವನ ಮೇಲಿಂದ ಎದ್ದೆ.

"ಅಣ್ಣ, ತಪ್ಪು ನಂದೆ," ಎಂದೆ. "ಕೇಸ್ ಬ್ಯಾಡ. ಈ ಹುಡುಗುಂದು ಓದು ಹಾಳಾಯ್ತದೆ. ನಿನ್ ಗಾಡಿ ತಳ್ತೀನಿ."

ಸರದಿ ಕದ್ದವನು ಕಳಕೊಂಡವನ ಗಾಡಿಯನ್ನು ಎಲ್ಲರೆದುರು ಒಬ್ಬನೇ ಕೈಯಲ್ಲಿ ತಳ್ಳಿ ಸಾಲಿನ ಮುಂದೆ ನಿಲ್ಲಿಸಬೇಕು. ಅಷ್ಟಾದರೆ ಸ್ಟ್ಯಾಂಡಿನಲ್ಲಿ ಮಾತು ಮುಗಿದಂತೆ. ಬೇರೆಯವರು ತಳ್ಳುವಾಗ ನಾನು ಕೂತು ನಕ್ಕವನು. ಕೆರಗೋಡಿನವನು ಆಗಲೆಂದು ತಲೆಯಾಡಿಸಿದ. ಹ್ಯಾಂಡ್‌ಬ್ರೇಕ್ ಇಳಿಸಿ ಹಿಂದಿನಿಂದ ಹೆಗಲು ಕೊಟ್ಟೆ. ಬಾಯಿಯ ರಕ್ತ ಗಾಡಿಯ ಗಾಜಿಗೆಲ್ಲ ಮೆತ್ತಿತು. ವಿದ್ಯಾರ್ಥಿ ಕೈಜೋಡಿಸಲು ಬಂದ.

"ನೀ ಮುಟ್ಬ್ಯಾಡ ಕಣಪ್ಪ," ಎಂದ ಕೆರಗೋಡಿನವನು. "ತಪ್ಪು ಅವುಂದು."

ಪೊಲೀಸಿನವರು ಬಂದಾಗ ಗಾಡಿ ಸಾಲಿನ ಮುಂದಿತ್ತು. ಕೆರಗೋಡಿನವನೇ ಮುಂದೆ ಹೋಗಿ ಹೇಳಿದ: "ಟೈರ್ ಬಿಚ್ತಿದ್ವಿ ಸಾ, ಜಾಕು ಜಾರ್ತು."

ಪೇದೆ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದ. "ಒಂದ್ ಜಾಕು ಇಷ್ಟು ಜನುಕ್ಕಾ?"

"ದೊಡ್ಡ್ ಜಾಕು ಸಾ."

ಯಾರ ಹೆಸರನ್ನೂ ಬರೆದುಕೊಳ್ಳಲಿಲ್ಲ.

ವಿದ್ಯಾರ್ಥಿಯ ಹಣೆಗೆ ಏಳು ಹೊಲಿಗೆ ಬಿದ್ದವು. ಮತ್ತೆ ನನ್ನ ಗಾಡಿ ಹತ್ತಲಿಲ್ಲ. ಡಿಗ್ರಿ ಮುಗಿಸಿ ಊರಿಗೆ ಹೋದನೆಂದು ಅವನ ಗೆಳೆಯರು ಹೇಳಿದರು. ಕೆರಗೋಡಿನವನ ಎರಡು ಬೆರಳು ಈಗಲೂ ಮಡಚುವುದಿಲ್ಲ. ಅವು ಸ್ಟೇರಿಂಗ್ ಮೇಲೆ ನೆಟ್ಟಗೆ ನಿಂತಿರುವುದನ್ನು ದಿನಾ ನೋಡಲಾಗದೆ ನಾನು ಮದ್ದೂರಿನ ಸ್ಟ್ಯಾಂಡಿಗೆ ಬಂದೆ.

ಈಗ ನನ್ನ ಹತ್ತಿರ ಇರುವುದು ಎರಡು ಗಾಡಿ, ಪೂರಿಗಾಲಿಯಲ್ಲಿ ಆರ್‌ಸಿಸಿ ಮನೆ, ಮೂವತ್ತು ಗುಂಟೆ ಗದ್ದೆ, ಇಬ್ಬರು ಹೆಣ್ಣುಮಕ್ಕಳು, ಎರಡು ಕಟ್ಟಿಸಿದ ಹಲ್ಲು.