ಬಾಯಿ ತೆರೆದುಕೊಂಡಿದ್ದ ಕೊಳವೆ

ಕಡೂರಿನ ಆ ಮೆಕ್ಯಾನಿಕ್ ಯಾವ ಎಂಜಿನಿನ ಮುಂದೆ ನಿಂತರೂ ಮೊದಲು ಕಣ್ಣು ಮುಚ್ಚುತ್ತಿದ್ದರು.

ಹಿರೇನಲ್ಲೂರಿನ ನಾವು ನಾಲ್ಕು ಮನೆಯವರು ಒಂದೇ ಬಾವಿಯ ನೀರನ್ನು ಹಂಚಿಕೊಳ್ಳಲೆಂದು ಹಳೆಯ ಕಾರಿನ ಎಂಜಿನನ್ನು ಪಂಪಿಗೆ ಜೋಡಿಸಿದ್ದೆವು. ಕಾರ್ಬ್ಯುರೇಟರನ್ನು ಮೂರು ಸಲ ತೊಳೆದರೂ ಅದು ನಿಧಾನ ವೇಗದಲ್ಲಿ ಅದುರಿ ಅದುರಿ ನಿಂತುಬಿಡುತ್ತಿತ್ತು. ಅದರಿಂದ ಪಾಳಿಯ ಪ್ರಕಾರ ನೀರು ಬಿಟ್ಟುಕೊಳ್ಳುವ ಮನೆಗಳ ಒಪ್ಪಂದವೂ ಮುರಿಯುವುದರಲ್ಲಿತ್ತು.

ಕರೆಸಿದ ಮೆಕ್ಯಾನಿಕ್ ಬಂದು ಎಂಜಿನಿನ ಮುಂದೆ ಕಣ್ಣು ಮುಚ್ಚಿ ನಿಂತಾಗ, ನಾನು ಮನೆಯವರಿಗೆ ಸಹಕಾರತತ್ತ್ವವನ್ನು ವಿವರಿಸತೊಡಗಿದೆ.

“ವಸಿ ಸುಮ್ಕಿರಿ ಸ್ವಾಮಿ, ಅದು ಮಾತಾಡ್ತೈತೆ,” ಎಂದರು. ಎಲ್ಲೆಡೆಯೂ ಅವರದು ಅದೇ ಮಾತು.

ಬಳಿಕ ಕಣ್ಣು ತೆರೆದು ಕೇಳಿದರು: “ಕಾರಲ್ಲಿ ವೈಪರ್ ಇತ್ತೇನ್ರೀ?”

ಆ ಹಳೆಯ ಕಾರಿನ ವೈಪರ್ ಎಂಜಿನು ಗಾಳಿ ಎಳೆಯುವ ಬಲದಿಂದಲೇ ಆಡುತ್ತಿತ್ತು; ಎಂಜಿನಿನಿಂದ ಅದಕ್ಕೆ ಹೋಗುತ್ತಿದ್ದ ಕೊಳವೆಯನ್ನು ನಾವು ಕತ್ತರಿಸಿ ಹಾಗೆಯೇ ಬಿಟ್ಟಿದ್ದೆವು. ಅದರ ಬಾಯಿಗೆ ಅವರು ಹೆಬ್ಬೆರಳಿಟ್ಟರು. ನಡುಕ ನಿಂತು ಎಂಜಿನು ಸಮವಾಗಿ ಓಡಿತು.

“ಇಲ್ಲಿಂದ ಗಾಳಿ ಕುಡೀತಿತ್ತು ಕಣ್ರೀ,” ಎನ್ನುತ್ತ ಮರದ ಬೆಣೆ ಬಡಿದರು.

ಒಪ್ಪಂದವೇ ಬೇಡವೆಂದು ಹಟ ಹಿಡಿದಿದ್ದ ಹಿರಿಯರೊಬ್ಬರು ಪಂಚೆ ಎತ್ತಿ ಕಟ್ಟಿದರು: “ಮೊದಲ್ನೇ ಪಾಳಿ ನಮ್ದು ಕಣ್ರಪ್ಪಾ!”