ಊಟದ ಹೊತ್ತಿಗೆ ಕೇಳಿದ ಏಳು ಪ್ರಶ್ನೆ

ನನ್ನ ಈಗಿನ ಕೆಲಸ ಏನೆಂದು ಮನೆಯವರಿಗೆ ತಿಳಿಸಿ ಹೇಳಲು ಬಹಳ ದಿನ ಹಿಡಿಯಿತು. ವಿಜಯಪುರದಲ್ಲಿ ಒಂದು ಮೆಡಿಕಲ್ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ನಮ್ಮ ಆಫೀಸು. ದೂರದ ಊರುಗಳಲ್ಲಿರುವ ದೊಡ್ಡ ಕಂಪ್ಯೂಟರುಗಳನ್ನು ಬಾಡಿಗೆಗೆ ಹಿಡಿಯುವುದಕ್ಕೆ ಕ್ಲೌಡ್ ಅನ್ನುತ್ತಾರೆ. ಅದಕ್ಕೆ ಎಷ್ಟು ಖರ್ಚು ಬಂದೀತು ಎಂದು ಮೊದಲೇ ಅಂದಾಜು ಹೇಳುವ ಒಂದು ಸಾಫ್ಟ್‌ವೇರನ್ನು ನಮ್ಮವರು ಮಾಡುತ್ತಾರೆ. ಅದನ್ನು ಬಳಸುವವರು ಮನುಷ್ಯರಲ್ಲ, ತಾವೇ ಓದಿಕೊಂಡು ತಾವೇ ಕೆಲಸ ಮುಗಿಸುವ ಎಐ ಏಜೆಂಟುಗಳು. ಅವು ಓದುವ ಕೈಪಿಡಿ ಸರಿಯಾಗಿದೆಯೇ ಎಂದು ನೋಡಿ ಅಂಕ ಹಾಕುವುದು ನನ್ನ ಪಾಲಿನ ಕೆಲಸ.

ಟಿಕೋಟಾದಲ್ಲಿರುವ ನನ್ನ ತಾಯಿ ಇದನ್ನೆಲ್ಲ ಕೇಳಿ, "ಮಷೀನಿಗಿ ಪುಸ್ತಕ, ಆ ಪುಸ್ತಕಕ್ಕ ನೀ ಪರೀಕ್ಷಾ. ಚಲೋ ಉದ್ಯೋಗ ಹುಡಿಕೀದಿ ಬಿಡ," ಅಂದಳು.

ಕೈಪಿಡಿ ಬರೆದವಳು ಬಬಲೇಶ್ವರದಿಂದ ದಿನಾ ಬಸ್ಸಿಗೆ ಬರುವ ಹುಡುಗಿ. ಆರು ತಿಂಗಳಿಗೆಂದು ತೆಗೆದುಕೊಂಡಿದ್ದರು. ಕೆಲಸ ಕಾಯಂ ಆದರೆ ಹೋಗಲಿ, ಇಲ್ಲದಿದ್ದರೆ ಓಡಾಟ ಸಾಕು ಎಂದು ಅವಳ ಮನೆಯಲ್ಲಿ ಮಾತಾಗಿತ್ತು. ಕಾಯಂ ಆಗುವುದು ಈ ಕೈಪಿಡಿಗೆ ಬೀಳುವ ಅಂಕದ ಮೇಲಿತ್ತು. ಅವಳೂ ನನಗೆ ಹೇಳಿದ್ದಳು, ಆಫೀಸು ನಡೆಸುವ ಸಾಹೇಬರೂ ಹೇಳಿದ್ದರು.

ಮಧ್ಯಾಹ್ನ ನಾವಿಬ್ಬರೂ ಒಂದೇ ಟೇಬಲ್ಲಿಗೆ ಬುತ್ತಿ ಬಿಚ್ಚುತ್ತಿದ್ದೆವು. ಓದುವಾಗ ಎಲ್ಲಿ ತೊಡಕಾಯಿತೋ ಅದನ್ನು ಅಲ್ಲೇ ಕೇಳಿಬಿಡುತ್ತಿದ್ದೆ.

"ತಂಗಿ, ಎರಡನೇ ಪುಟದಾಗ ಎಷ್ಟು ತಾಸು ಬೇಕು ಬರೀರಿ ಅಂತ ಹಾಕೀದಿ. ದಿನದ್ದೋ, ತಿಂಗಳದ್ದೋ?"

"ತಿಂಗಳದ್ದರಿ, ಅಕ್ಕಾರ. ದಿನಕ್ಕ ಎಂಟು ತಾಸಂದ್ರ ಮೂವತ್ತರಲೇ ಗುಣಿಸಿ ಹಾಕ್ರಿ. ಇಕಾ, ಚಟ್ನಿ ಹಾಕ್ಕೋರಿ, ಖಾರ ಇಲ್ಲ."

"ನಿಮ್ಮನ್ಯಾಗ ಖಾರ ಇಲ್ಲ ಅಂದ್ರ ನಾ ಮದಲ ನೀರ ಹತ್ರ ಇಟ್ಕೋಬೇಕು."

ನನಗೆ ಒಂದು ರೂಢಿ. ಗ್ಯಾಸ್ ಸಿಲಿಂಡರ್ ಹಚ್ಚಿದ ದಿನ, ಹಪ್ಪಳ ಒಣಗಲು ಹಿಡಿದ ದಿನ, ಎಲ್ಲವನ್ನೂ ಸಣ್ಣ ವಹಿಯಲ್ಲಿ ಬರೆದಿಡುತ್ತೇನೆ. ಹಾಗೆಯೇ ಈ ಪ್ರಶ್ನೆಗಳನ್ನೂ ಅವಳ ಉತ್ತರಗಳನ್ನೂ ಬರೆದುಕೊಂಡೆ. ಒಂದು ವಾರದಲ್ಲಿ ಏಳು ಆದವು. ಅವಳು ಹೇಳಿದಂತೆ ಮಾಡಿದರೆ ಏಳು ಸಲವೂ ಅಂದಾಜು ಸರಿಯಾಗಿ ಬಂತು. ರೊಟ್ಟಿಯ ಹಿಟ್ಟಿಗೆ ಎಷ್ಟು ಕುದಿನೀರು ಎಂಬುದನ್ನು ನಾವು ಯಾವ ಪುಸ್ತಕದಲ್ಲೂ ಓದಿದವರಲ್ಲ. ಒಲೆಯ ಮುಂದೆ ಕೂತು ಕೇಳಿ ಕಲಿತವರು. ಅವಳ ಬಾಯಿಂದ ಕೇಳಿದ್ದು ಬೇರೆ, ಕೈಪಿಡಿಯಲ್ಲಿ ಬರೆದದ್ದು ಬೇರೆ ಎಂದು ನನಗೆ ಹೊಳೆಯಲೇ ಇಲ್ಲ. 'ಪೂರ್ಣವಾಗಿದೆಯೇ' ಎಂಬ ಸಾಲಿನ ಮುಂದೆ ಹತ್ತಕ್ಕೆ ಒಂಬತ್ತು ಹಾಕಿ ಕೊಟ್ಟೆ. ಅವತ್ತು ಅವಳು ಎಲ್ಲರಿಗೂ ಚಹಾ ಕುಡಿಸಿದಳು.

ಮರುದಿನ ಸಾಹೇಬರು ಅದೇ ಕೈಪಿಡಿಯನ್ನು ಒಂದು ಏಜೆಂಟಿಗೆ ಓದಲು ಕೊಟ್ಟರು. ಒಂದು ಹಾಲಿನ ಡೇರಿಗೆ ದಿನಕ್ಕೆ ಎಂಟು ತಾಸು ಕಂಪ್ಯೂಟರ್ ಬೇಕು, ತಿಂಗಳ ಖರ್ಚು ಹೇಳು ಎಂದು ಪ್ರಶ್ನೆ. ಅದು ತಾಸಿನ ಜಾಗದಲ್ಲಿ ಎಂಟು ಎಂದೇ ತುಂಬಿತು. ಒಂದು ದಿನದ ಖರ್ಚನ್ನು ತಿಂಗಳದ್ದೆಂದು ತೋರಿಸಿ, ಕೈಪಿಡಿಯಂತೆ ಪರಿಶೀಲಿಸಿದ್ದೇನೆ ಎಂದು ಕೆಳಗೆ ಬರೆದಿತ್ತು. ಅದಕ್ಕೆ ಗೊತ್ತಿಲ್ಲ ಅನ್ನಲು ಬರಲಿಲ್ಲ. ಬುತ್ತಿ ಬಿಚ್ಚಿ ಕೇಳಲು ಅದಕ್ಕೆ ಯಾರೂ ಇರಲಿಲ್ಲ.

ಸಾಹೇಬರು ನನ್ನನ್ನು ಕರೆದರು. "ಅಕ್ಕಾರ, ಇದು ತಿಂಗಳ ತಾಸು ಅಂತ ನಿಮಗ ಹೆಂಗ ತಿಳೀತ್ರಿ? ಪುಟದಾಗ ಎಲ್ಲೂ ಇಲ್ಲಲ್ಲ."

ಹುಡುಗಿ ಅಲ್ಲೇ ಕೂತಿದ್ದಳು.

"ಅನುಭವದ ಮ್ಯಾಲೆ ತಿಳೀತ್ರಿ," ಅಂದೆ.

"ಹಂಗಾದ್ರ ಇದೊಂದ ಬಿಟ್ಟಾಳ ಅಂತೀರಿ?"

"ಹೌದ್ರಿ, ಒಂದ."

ಅವರು ನಂಬಿದರು. ಆ ಒಂದು ಸಾಲು ಸೇರಿಸಿ ಬರುವ ವಾರ ಕೈಪಿಡಿಯನ್ನು ಏಜೆಂಟುಗಳ ಬಳಕೆಗೆ ಬಿಟ್ಟುಬಿಡೋಣ ಅಂದರು. ವಹಿ ನನ್ನ ಬ್ಯಾಗಿನಲ್ಲೇ ಇತ್ತು, ಅದರಲ್ಲಿ ಕೈಪಿಡಿಗೆ ಬಾರದ ಇನ್ನೂ ಆರು ಉತ್ತರ ಇದ್ದವು. ಎರಡು ದಿನ ಅದನ್ನು ಹೊರಗೆ ತೆಗೆಯಲಿಲ್ಲ. ಇನ್ನಾವುದೋ ಊರಲ್ಲಿ ಇನ್ನಾರೋ ಆ ಅಂದಾಜನ್ನು ನಂಬಿ ಕೆಲಸ ಹಿಡಿಯುತ್ತಾರೆ ಎನ್ನುವುದು ಒಂದು ಕಡೆ, ಆ ಹುಡುಗಿಯ ಬಸ್ ಪಾಸು ಇನ್ನೊಂದು ಕಡೆ.

ರವಿವಾರ ಬಬಲೇಶ್ವರಕ್ಕೆ ಹೋದೆ. ಸಾಹೇಬರಿಗೆ ಹೇಳುವ ಮೊದಲು ಅವಳಿಗೆ ಹೇಳಬೇಕಿತ್ತು. ಬಾಗಿಲಲ್ಲೇ ಅವಳ ತಾಯಿ ಕೈ ಹಿಡಿದುಕೊಂಡು, "ಬರ್ರಿ ಅಕ್ಕಾರ, ನಿಮ್ಮ ಹೆಸರು ದಿನಾ ಹೇಳತಾಳ್ರಿ," ಎಂದು ಒಳಗೆ ಕೂಡಿಸಿ ಜುಣಕ, ಮೊಸರು ಬಡಿಸಿದಳು. ಉಂಡೆ. ಉಣ್ಣದೆ ಹೇಳಬೇಕಿತ್ತೇನೋ. ಆಮೇಲೆ ಹಿತ್ತಲಲ್ಲಿ ಕೈ ತೊಳೆಯುವಾಗ ಹುಡುಗಿಗೆ ವಹಿಯ ಪುಟ ತೋರಿಸಿದೆ.

ಅವಳು ಏಳನ್ನೂ ಓದಿದಳು. "ನೀವು ಕೇಳಿದ್ದಕ್ಕೆಲ್ಲಾ ನಾ ಹೇಳೀನಲ್ಲರಿ, ಅಕ್ಕಾರ."

"ಹೇಳೀದಿ, ತಂಗಿ. ಪುಟದಾಗ ಬರದಿಲ್ಲ."

"ಅವಾಗ ಉಣ್ಣುವಾಗ ಒಂದ ಮಾತು ಅಂದಿದ್ರ ಅವತ್ತ ಬರದುಬಿಡತಿದ್ನಿ. ಒಂಬತ್ತು ಹಾಕಿ, ಈಗ ಬಂದು ಹೇಳಾಕತ್ತೀರಿ."

ತಪ್ಪು ಅವಳದೆಷ್ಟೋ ಅದಕ್ಕಿಂತ ಹೆಚ್ಚು ನನ್ನದು. ಅಂಕ ಮಾತ್ರ ಅವಳ ಹೆಸರಿಗೆ.

ಸೋಮವಾರ ಆ ಪುಟವನ್ನು ಸಾಹೇಬರ ಮುಂದಿಟ್ಟೆ. ಸುಳ್ಳು ಹೇಳಿದ್ದನ್ನೂ ಹೇಳಿದೆ. ಒಂಬತ್ತನ್ನು ಹೊಡೆದು ನಾಲ್ಕು ಬರೆದೆ. ಅವರು ನನ್ನನ್ನು ಬಯ್ಯಲಿಲ್ಲ, ಅದೇ ಕಷ್ಟವಾಯಿತು. ಹುಡುಗಿ ಕಾಯಂ ಆಗಲಿಲ್ಲ. ಇನ್ನೆರಡು ತಿಂಗಳಲ್ಲಿ ತಿದ್ದಿ ಬರೆಯಲಿ, ಆಮೇಲೆ ನೋಡೋಣ ಅಂದರು. ಅವಳ ಮನೆಯವರು ಆ ಎರಡು ತಿಂಗಳಿಗೆ ಹೂಂ ಅಂದಿದ್ದಾರೆ, ಮುಂದಿನದಕ್ಕಲ್ಲ.

ತಿದ್ದಿದ ಕೈಪಿಡಿಗೂ ನಾನೇ ಅಂಕ ಹಾಕಬೇಕು. ಬೇರೆ ಯಾರೂ ಇಲ್ಲ. ಹಾಗಾಗಿ ಏಜೆಂಟಿನ ಹಾಗೆ ಪುಟವನ್ನಷ್ಟೇ ಓದಬೇಕು, ಬಾಯಿಬಿಟ್ಟು ಏನೂ ಕೇಳಬಾರದೆಂದು ಕಿಟಕಿಯ ಹತ್ತಿರದ ಟೇಬಲ್ಲಿಗೆ ಕೂತು ಉಣ್ಣುತ್ತೇನೆ. ಅವಳು ಕರೆಯುವುದಿಲ್ಲ. ನಿನ್ನೆ ನಾಲ್ಕನೇ ಪುಟದಲ್ಲಿ ಮತ್ತೆ ತೊಡಕಾಯಿತು. ಅವಳು ನಾಲ್ಕು ಹೆಜ್ಜೆ ಆಚೆ ಕೂತು ರೊಟ್ಟಿ ಮುರಿಯುತ್ತಿದ್ದಳು. ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಹಾಳೆಯ ಮೇಲೆ 'ಇಲ್ಲಿ ತಿಳಿಯಲಿಲ್ಲ' ಎಂದು ಬರೆದು ಒಂದು ಅಂಕ ಕಳೆದೆ.