ಅಳು ಮಾತ್ರ ತಲುಪಿತು

ಆ ಫೋನನ್ನು ನನಗೆ ತಂದುಕೊಟ್ಟವರು ತಂಗಿಯ ಗಂಡ. ನಾವಿಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು. ಅವರು ಗಲ್ಫಿನ ಒಂದು ಕಟ್ಟಡ ಕಂಪೆನಿಯಲ್ಲಿ ಸೂಪರ್‌ವೈಸರ್. ತಂಗಿ ಬಸುರಿ ಎಂದು ತಿಳಿದ ಮೇಲೆ ರಜೆಯಲ್ಲಿ ಬಂದಿದ್ದರು.

"ಭಾವ, ಹೆರಿಗೆಗೆ ನನಗೆ ರಜೆ ಸಿಗುದಿಲ್ಲ. ಮಗು ಹುಟ್ಟಿದ ಕೂಡ್ಲೇ ಇದ್ರಲ್ಲಿ ತೋರಿಸ್ಬೇಕು ನೀವು. ಫೈವ್ ಜಿ ಉಂಟು," ಎಂದು ಪೆಟ್ಟಿಗೆಯನ್ನು ನನ್ನ ಕೈಗಿಟ್ಟರು.

ಕೂಳೂರಿನಲ್ಲಿ ನನ್ನದೊಂದು ಪೈಂಟ್ ಅಂಗಡಿ. ಅಲ್ಲಿ ದಿನವಿಡೀ ಮಾತಾಡಿದರೂ ಫೋನಿನ ಚಾರ್ಜ್ ಸಂಜೆಯವರೆಗೆ ಬರುತ್ತಿತ್ತು. ಭಾನುವಾರ ವಾಮಂಜೂರಿನ ಮನೆಯಲ್ಲಿ ಅದನ್ನು ಮುಟ್ಟದೆ ಮೇಜಿನ ಮೇಲಿಟ್ಟರೂ ಮಧ್ಯಾಹ್ನದ ಊಟದೊಳಗೆ ಅರ್ಧ ಖಾಲಿ. ಮುಟ್ಟಿದರೆ ಉಳಿಯುತ್ತದೆ, ಮುಟ್ಟದಿದ್ದರೆ ಮುಗಿಯುತ್ತದೆ! ಇದೆಂಥ ಲೆಕ್ಕವೆಂದು ನನಗೆ ಅರ್ಥವಾಗಲಿಲ್ಲ.

ಪಕ್ಕದ ಅಂಗಡಿಯವರು, "ಫೈವ್ ಜಿ ತೆಗ್ದು ಫೋರ್ ಜಿ ಹಾಕಿ ಮಾರಾಯ್ರೆ. ಸ್ಪೀಡ್ ಜಾಸ್ತಿ ಆದ್ರೆ ಬ್ಯಾಟರಿ ತಿನ್ನುದೇ," ಎಂದರು. ಹಾಕಿದೆ. ಟವರ್ ಕಂಪೆನಿಯಲ್ಲಿ ಎಂಜಿನಿಯರ್ ಆಗಿರುವ ಚಿಕ್ಕಮ್ಮನ ಮಗ ಅದನ್ನು ಕೇಳಿ ನಕ್ಕ. "ಅಲ್ಲಣ್ಣ, ಸ್ಪೀಡ್ ಇದ್ರೆ ಕೆಲಸ ಬೇಗ ಮುಗಿಸಿ ಫೋನ್ ಮಲಗ್ತದೆ. ನಿಧಾನ ಆದ್ರೆ ಎಚ್ಚರ ಇದ್ದುಕೊಂಡೇ ಇರ್ಬೇಕಲ್ಲ?" ಎಂದ. ಸರಿ, ಮತ್ತೆ ಫೈವ್ ಜಿಗೆ ಬಂದೆ. ಮನೆಯ ಕಥೆ ಹೇಳಿದಾಗ ಅವನೇ, "ಅಲ್ಲಿ ಟವರ್ ದೂರ. ಗದ್ದೆಯ ಆಚೆ ಇದ್ದವರನ್ನು ಕರೆದ ಹಾಗೆ, ಫೋನ್ ಬೊಬ್ಬೆ ಹಾಕ್ಬೇಕು. ಅಲ್ಲಿ ಫೋರ್ ಜಿಯೇ ಒಳ್ಳೆದು," ಎಂದ. ಹಾಗಾದರೆ ಇಬ್ಬರ ಮಾತೂ ಸರಿಯೇ? ಮನೆಗೊಂದು, ಅಂಗಡಿಗೊಂದು ಎಂದು ಬದಲಾಯಿಸುತ್ತಾ, ಬ್ಯಾಟರಿ ಉಳಿಸುವ ಗುಂಡಿ ಬೇರೆ ಒತ್ತುತ್ತಾ, ಕೊನೆಗೆ ಯಾವುದು ಆನ್, ಯಾವುದು ಆಫ್ ಎಂಬುದೇ ನನಗೆ ನೆನಪಿಲ್ಲದಂತಾಯಿತು.

ತಂಗಿಗೆ ನೋವು ಶುರುವಾದದ್ದು ಬೆಳಗಿನ ತಿಂಡಿಯ ಹೊತ್ತಿಗೆ. ಅವಳನ್ನೂ ಅಮ್ಮನನ್ನೂ ಕಾರಿನಲ್ಲಿ ಕೂರಿಸಿ ಆಸ್ಪತ್ರೆಗೆ ಹೊರಟೆ. ಆ ಗಡಿಬಿಡಿಯಲ್ಲಿ ಚಾರ್ಜರ್ ಮನೆಯಲ್ಲೇ ಉಳಿಯಿತು. ಹೆರಿಗೆ ವಿಭಾಗ ರಸ್ತೆಯ ಮಟ್ಟಕ್ಕಿಂತ ಕೆಳಗಿನ ಮಹಡಿಯಲ್ಲಿತ್ತು. ದಪ್ಪ ಗೋಡೆ, ಉದ್ದ ವರಾಂಡ, ಸಾಲು ಕುರ್ಚಿ. ಪ್ಲಗ್ ಮಾತ್ರ ಎಲ್ಲೂ ಕಾಣಲಿಲ್ಲ.

ಭಾವ ಆಗಲೇ ವಿಡಿಯೋ ಕಾಲ್ ಮಾಡಿದ್ದರು. ಅವರ ಮುಖ ಒಮ್ಮೆ ಚೌಕ ಚೌಕವಾಗಿ ಒಡೆಯುತ್ತಿತ್ತು, ಒಮ್ಮೆ ಬಾಯಿ ತೆರೆದ ಹಾಗೆಯೇ ನಿಲ್ಲುತ್ತಿತ್ತು. ಫೋನ್ ಕೈಯಲ್ಲಿ ಕಾದ ದೋಸೆಕಲ್ಲಿನಂತಾಯಿತು. ಬ್ಯಾಟರಿಯ ಅಂಕೆ ಕಣ್ಣೆದುರೇ ಇಳಿಯುತ್ತಿತ್ತು.

ಅಷ್ಟರಲ್ಲಿ ಡಾಕ್ಟರಮ್ಮ ಹೊರಗೆ ಬಂದು, "ಆಪರೇಷನ್ ಮಾಡ್ಬೇಕಾಗ್ತದೆ. ರಕ್ತ ಬೇಕಾದ್ರೆ ಫೋನ್ ಮಾಡ್ತೇವೆ. ದೂರ ಹೋಗ್ಬೇಡಿ, ಫೋನ್ ಆನ್ ಇರ್ಲಿ," ಎಂದು ಒಳಗೆ ಹೋದರು.

ನಾನು ಪರದೆಯನ್ನು ನೋಡಿದೆ. "ಭಾವ, ಚಾರ್ಜ್ ಕಡ್ಮೆ ಉಂಟು. ವಿಡಿಯೋ ಕಟ್ ಮಾಡ್ತೇನೆ ಆಯ್ತಾ?"

"ಕಟ್ ಮಾಡ್ಬೇಡಿ ಭಾವ." ಮುಖ ಕಾಣುತ್ತಿರಲಿಲ್ಲ, ಸ್ವರ ಮಾತ್ರ ತುಂಡು ತುಂಡಾಗಿ ಬಂತು. "ಎಂತ ಕಾಣದಿದ್ರೂ ಅಡ್ಡಿಯಿಲ್ಲ. ನಾನೂ ಅಲ್ಲೇ ಇದ್ದೇನೆ ಅಂತ ಆಗ್ತದೆ."

ನಾನು ಕಟ್ ಮಾಡಿದೆ. ಬ್ಯಾಟರಿ ಉಳಿಸುವ ಗುಂಡಿಯನ್ನೂ ಒತ್ತಿದೆ. ಆಮೇಲೆ ಸಂಶಯ ಹತ್ತಿತು: ಇದನ್ನು ಒತ್ತಿದರೆ ಆಸ್ಪತ್ರೆಯವರ ಕರೆ ಬರುತ್ತದೆಯೋ ಇಲ್ಲವೋ? ತೆಗೆದೆ. ಮತ್ತೆ ಒತ್ತಿದೆ. ಮೆಟ್ಟಿಲು ಹತ್ತಿ ರಸ್ತೆಗೆ ಹೋದರೆ ಸಿಗ್ನಲ್ ತುಂಬಾ ಇತ್ತು. ಆದರೆ ಒಳಗಿನಿಂದ ಯಾರಾದರೂ ಕೂಗಿ ಕರೆದರೆ ಕೇಳುವಂತಿರಲಿಲ್ಲ. ಕೆಳಗಿದ್ದರೆ ಕೂಗು ಕೇಳುತ್ತಿತ್ತು, ಸಿಗ್ನಲ್ ಇರಲಿಲ್ಲ. ಕೊನೆಗೆ ಮೆಟ್ಟಿಲ ತಿರುವಿನಲ್ಲಿ ನಿಂತೆ.

"ಅಲ್ಲಿ ಎಂತ ಮಾಡುದು ನೀನು? ಬಂದು ಕೂತ್ಕೊ," ಎಂದು ಅಮ್ಮ ಕೆಳಗಿನಿಂದ ಗದರಿದರು.

ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ನರ್ಸ್ ಬಿಳಿ ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಅಮ್ಮನ ಕೈಗೆ ಕೊಟ್ಟರು. ನಾನು ಓಡಿ ಬಂದು ಫೋಟೋ ತೆಗೆದು ಭಾವನಿಗೆ ಕಳಿಸಿದೆ. ಪರದೆಯ ಮೇಲೆ ಬಳೆಯಂಥ ಗೆರೆಯೊಂದು ಸುತ್ತುತ್ತಲೇ ಇತ್ತು. ಮಗು ಅಳತೊಡಗಿತು. ಮಾತು ಕಳಿಸುವ ಗುಂಡಿಯನ್ನು ಒತ್ತಿಹಿಡಿದು ಆ ಅಳುವನ್ನೂ ಕಳಿಸಿದೆ. ಏನಾದರೂ ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಫೋಟೋ ಭಾರವಾಯಿತೇನೋ, ಹೋಗಲಿಲ್ಲ; ಹಗುರವಾದ ಅಳು ಹೋಯಿತು. ಮರುಕ್ಷಣ ಫೋನ್ ಸತ್ತಿತು.

ಅಮ್ಮನ, ತಂಗಿಯ ಫೋನ್‌ಗಳೂ ಮನೆಯಲ್ಲೇ ಉಳಿದಿದ್ದವು. ಬೇರೆಯವರ ಫೋನ್ ಕೇಳೋಣವೆಂದರೆ ಭಾವನ ನಂಬರ್ ನನಗೆ ಬಾಯಿಪಾಠವಿಲ್ಲ. ತಂಗಿಯನ್ನು ವಾರ್ಡಿಗೆ ತಂದು, ರಕ್ತ ಬೇಕಾಗಲಿಲ್ಲ, ಆರಾಮ ಇದ್ದಾಳೆ ಎಂದು ಡಾಕ್ಟರಮ್ಮ ಹೇಳಿದ ಮೇಲೆಯೇ ನಾನು ಅಲ್ಲಿಂದ ಕದಲಿದ್ದು. ಮೇಲಿನ ಔಷಧಿ ಅಂಗಡಿಯ ಹೆಂಗಸು ತಮ್ಮ ಚಾರ್ಜರ್ ಕೊಟ್ಟರು. ಫೋನ್ ಜೀವ ಪಡೆದ ಕೂಡಲೇ ಗುಂಯ್‌ಗುಡತೊಡಗಿತು. ಗಲ್ಫಿನಿಂದ ಕರೆ; ಎತ್ತಿದೆ.

"ಭಾವ," ಎಂದರು ಅವರು. "ಮಗು ಅಳ್ತಾ ಉಂಟು, ಗೊತ್ತಾಯ್ತು. ಅವಳು?"

ಅಷ್ಟೂ ಹೊತ್ತು ಅವರ ಹತ್ತಿರ ಇದ್ದದ್ದು ಆ ಅಳು ಮಾತ್ರ. ಹೆಂಡತಿ ಇದ್ದಾಳೋ ಇಲ್ಲವೋ ಎಂಬುದು ಅದರಲ್ಲಿರಲಿಲ್ಲ.

"ಆರಾಮ ಇದ್ದಾಳೆ. ನಿದ್ದೆಯಲ್ಲಿ ಇದ್ದಾಳೆ ಭಾವ," ಎಂದೆ. ಆ ಕಡೆಯಿಂದ ಮಾತಿಲ್ಲ. ನೆಟ್‌ವರ್ಕ್ ಹೋಯಿತೇನೋ ಎಂದು ಪರದೆಯನ್ನು ನೋಡಿದೆ. ಸಿಗ್ನಲ್ಲಿನ ಕಡ್ಡಿಗಳೆಲ್ಲ ಪೂರ್ತಿ ಇದ್ದವು. ಅವರು ಅಳುತ್ತಿದ್ದರು. ಗಂಡೋ ಹೆಣ್ಣೋ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೆಣ್ಣು ಎಂಬುದು ಅವರಿಗೆ ಗೊತ್ತಾದದ್ದು ಸಂಜೆ, ತಂಗಿ ಎಚ್ಚತ್ತು ಮಾತಾಡಿದ ಮೇಲೆ.

ಆ ವಿಡಿಯೋ ಕಟ್ ಮಾಡದಿದ್ದರೆ ಫೋನ್ ಇನ್ನೂ ಬೇಗ ಸಾಯುತ್ತಿತ್ತೋ, ಸಿಗ್ನಲ್ ಹುಡುಕುತ್ತಾ ಹೇಗೂ ಸಾಯುತ್ತಿತ್ತೋ? ಚಿಕ್ಕಮ್ಮನ ಮಗನನ್ನು ಕೇಳಿದೆ. ಅವನು ಯೋಚಿಸಿ, "ಹೇಳ್ಲಿಕ್ಕೆ ಆಗುದಿಲ್ಲಣ್ಣ," ಎಂದ.

ಮಗು ಮಗುಚಿ ಬೀಳಲು ಕಲಿತ ಹೊತ್ತಿಗೆ ಭಾವ ರಜೆಯಲ್ಲಿ ಬಂದರು. ಜಗಲಿಯಲ್ಲಿ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದರು. ನಾನು ತಡೆಯಲಾರದೆ, "ಆವತ್ತು ನಾನು ಕಟ್ ಮಾಡಿದ್ದು ತಪ್ಪಾ ಭಾವ?" ಎಂದು ಕೇಳಿಬಿಟ್ಟೆ.

"ಗೊತ್ತಿಲ್ಲ ಭಾವ," ಎಂದರು. "ಕಟ್ ಮಾಡಿದಾಗ ನಿಮ್ಮ ಮೇಲೆ ಸಿಟ್ಟು ಬಂದಿತ್ತು. ಅಳು ಕೇಳಿದಾಗ ಸಿಟ್ಟು ಹೋಯ್ತು. ಆಮೇಲೆ ಹೆದರಿಕೆ ಆಯ್ತು. ಯಾವುದು ಸರಿ ಅಂತ ನಾನು ಹೇಗೆ ಹೇಳುದು?"

ಮಗು ಅವರ ಅಂಗಿಯ ಗುಂಡಿಯನ್ನು ಬಾಯಿಗೆ ಹಾಕಿಕೊಳ್ಳಲು ನೋಡುತ್ತಿತ್ತು. ಅವರು ಮೆಲ್ಲಗೆ ಬಿಡಿಸಿದರು; ಅದು ಮತ್ತೆ ಹಿಡಿಯಿತು.